ಹಂದಿ ಜ್ವರ: ಚೆನ್ನಾಗಿ ಕಾಣೋ ಮರಿಯ ಕಥೆ

ನಮ್ಮ ಹೊಳಲ್ಕೆರೆ ಕಡೆ ಅಡಿಕೆ, ಮೆಕ್ಕೆಜೋಳದ ಜೊತೆ ನಾಲ್ಕು ಹಂದಿ ಸಾಕೋಣ ಅನ್ನೋ ಹುಡುಗರು ಮೊದಲು ಕೇಳೋದು ಮರಿ ಎಲ್ಲಿ ಸಿಗುತ್ತೆ, ರೇಟು ಎಷ್ಟು ಅಂತ. ಅವರಿಗೆ ಹಂದಿ ಜ್ವರದ ಚರಿತ್ರೆ ಸ್ವಲ್ಪ ಗೊತ್ತಿರಲಿ.

ಅಮೆರಿಕದ ಓಹಾಯೋದಲ್ಲಿ 1833ರ ಹೊತ್ತಿಗೆ ಈ ರೋಗ ದಾಖಲಾಗಿತ್ತು. 1885ರಲ್ಲಿ ಸಾಲ್ಮನ್, ಸ್ಮಿತ್ ಅನ್ನೋರು ರೋಗದ ಹಂದಿಯಲ್ಲಿ ಒಂದು ಬ್ಯಾಕ್ಟೀರಿಯಾ ಕಂಡು, ಇದೇ ಕಳ್ಳ ಅಂದರು. 1903ರಲ್ಲಿ ಡಿ ಶ್ವೈನಿಟ್ಸ್, ಡಾರ್ಸೆಟ್ ಇಬ್ಬರೂ ಬ್ಯಾಕ್ಟೀರಿಯಾ ದಾಟದ ಹಾಗೆ ರಕ್ತದ ರಸ ಸೋಸಿ ಒಳ್ಳೇ ಹಂದಿಗೆ ಚುಚ್ಚಿದರು. ಅದಕ್ಕೂ ಜ್ವರ ಬಂತು. ಕಳ್ಳ ವೈರಸ್ಸು! ಬ್ಯಾಕ್ಟೀರಿಯಾ ಆಮೇಲೆ ಸೇರಿಕೊಂಡಿದ್ದು. ಸಾಲ್ಮನ್ ಹೆಸರು ಮಾತ್ರ ಸಾಲ್ಮೊನೆಲ್ಲಾ ಅಂತ ಉಳಕೊಂಡಿದೆ.

ನಮ್ಮ ದೇಶದಲ್ಲಿ 1962ರಲ್ಲಿ ಅಲಿಗಢದಲ್ಲಿ ಮೊದಲು ದಾಖಲಾಯಿತು. ಅದೇ ವರ್ಷ ಅಮೆರಿಕ ನಿರ್ಮೂಲನೆಗೆ ಇಳಿದು 1978ಕ್ಕೆ ಮುಗಿಸಿತು. ನಾವು ಇನ್ನೂ ಮುಗಿಸಿಲ್ಲ. ಲಸಿಕೆಯನ್ನು ಮೊಲದ ಮೈಯಲ್ಲಿ ಬೆಳೆಸಬೇಕಿತ್ತು, ಒಂದು ಮೊಲಕ್ಕೆ ಸುಮಾರು 50 ಡೋಸ್. ದೇಶಕ್ಕೆ ವರ್ಷಕ್ಕೆ 2.2 ಕೋಟಿ ಬೇಕಾದ್ರೆ ತಯಾರಾಗ್ತಿದ್ದದ್ದು 12 ಲಕ್ಷ. ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆ ಜೀವಕೋಶದಲ್ಲೇ ಬೆಳೆಸಿದ ಹೊಸ ಲಸಿಕೆ ಬಿಡುಗಡೆಯಾಗಿದ್ದು 2020ರಲ್ಲಿ.

ಲಸಿಕೆ ಕೊರತೆ ಒಂದು ಕಡೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ಗಬ್ಬದ ಹಂದಿಗೆ ಮೆತ್ತಗಿನ ತಳಿ ವೈರಸ್ ತಗುಲಿದರೆ ತಾಯಿಗೆ ಏನೂ ಆದಂಗೆ ಕಾಣಲ್ಲ, ಆದ್ರೆ ಅದು ಹೊಟ್ಟೆಯೊಳಗಿನ ಮರಿಗೆ ದಾಟುತ್ತೆ. ರಕ್ಷಣಾ ಶಕ್ತಿ ಬಲಿಯೋ ಮೊದಲೇ ಬಂದ ವೈರಸ್ಸನ್ನ ಮರಿಯ ಮೈ ತನ್ನದೇ ಅಂದ್ಕೊಳ್ಳುತ್ತೆ. ಹುಟ್ಟಿದ ಮರಿ ಲಕ್ಷಣವಾಗಿ ಓಡಾಡ್ಕೊಂಡು ತಿಂಗಳುಗಟ್ಟಲೆ ರೋಗ ಹಂಚುತ್ತೆ.

ಕೋಶದೊಳಗೂ ಇಂಥದ್ದೇ ಮೋಸ. ಪ್ರತಿ ಜೀವಕೋಶದಲ್ಲೂ ಒಂದು ತಿಪ್ಪೆ ಇದ್ದಂಗೆ, ಹಳೇ ಕಸ ಕೊಳೆಸಿ ಮತ್ತೆ ಬಳಸ್ಕೊಳ್ಳುತ್ತೆ. ಇದಕ್ಕೆ ಆಟೋಫೇಜಿ ಅಂತಾರೆ. ಇದರ ಗುಟ್ಟು ಬಿಡಿಸಿದ ಜಪಾನಿನ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು. ಒಳನುಗ್ಗಿದ ರೋಗಾಣುವನ್ನೂ ಈ ತಿಪ್ಪೆಗೆ ಹಾಕೋದು ಕೋಶದ ಕೆಲಸ. ಆದ್ರೆ ಹಂದಿ ಜ್ವರದ ವೈರಸ್ಸು ಆ ತಿಪ್ಪೆಯನ್ನೇ ತನ್ನ ಮನೆ ಮಾಡ್ಕೊಂಡಿದೆ ಅಂತ ಚೀನಾದ ಗುವಾಂಗ್‌ಝೌ ವಿಜ್ಞಾನಿಗಳು 2014ರಲ್ಲಿ ತೋರಿಸಿದರು. ತಿಪ್ಪೆ ನಡೆಸೋ ಬೆಕ್ಲಿನ್-1, ಎಲ್‌ಸಿ3 ಅನ್ನೋ ಪ್ರೊಟೀನು ತಗ್ಗಿಸಿದಾಗ ವೈರಸ್ಸೂ ತಗ್ಗಿತು. ಇದೇ ವ್ಯವಸ್ಥೆ ಸೋಂಕಿನ ಕೋಶ ಬೇಗ ಸಾಯದಂಗೂ ನೋಡ್ಕೊಳ್ಳುತ್ತೆ. ಇದೆಲ್ಲ ಇನ್ನೂ ಪ್ರಯೋಗಾಲಯದ ಮಾತು, ಇದರಿಂದ ಔಷಧಿ ಬಂದಿಲ್ಲ.

ಅಂಥ ಮರಿಯ ರಕ್ತದಲ್ಲಿ ಪ್ರತಿಕಾಯ ಹುಡುಕಿದರೆ ಸಿಗೋದು ಕಷ್ಟ, ವೈರಸ್ಸನ್ನೇ ಹುಡುಕಬೇಕು. ಅಷ್ಟು ಮಾಡಿಸೋಕೆ ಆಗದಿದ್ದೋರು ಮರಿ ತರೋ ಮೊದಲು ಅದರ ತಾಯಿಗೆ ಗಬ್ಬ ಕಟ್ಟೋ ಮುಂಚೆ ಲಸಿಕೆ ಹಾಕಿಸಿದ್ರಾ ಅಂತ ಕೇಳ್ರಪ್ಪ. ಚೀಟಿ ಇದ್ರೆ ತೋರಿಸ್ತಾರೆ.