ಬಾರ್ಶಿಯ ದವಾಖಾನೆ ಮತ್ತು ನಾಲ್ಕು ಗುಂಪಿನ ಹೆಣ್ಣುಮಕ್ಕಳು



ಶೀಗೆ ಹುಣ್ಣಿಮೆಗೆ ಸೋಲಾಪುರದಿಂದ ತುಳಜಾಪುರಕ್ಕೆ ನಡೆದು ಹೋಗುವ ಜನಸಾಗರವನ್ನು ನೀವು ನೋಡಿಯೇ ಇರುತ್ತೀರಿ. ಅಕ್ಕಲಕೋಟೆ ಕಡೆಯ ಹೆಣ್ಣುಮಕ್ಕಳೂ ಅದರಲ್ಲಿರುತ್ತಾರೆ. ಅಂಬಾಭವಾನಿಯ ಆ ಊರಿರುವುದು ಹಿಂದಿನ ಉಸ್ಮಾನಾಬಾದ್, ಅಂದರೆ 2023ರಲ್ಲಿ ಧಾರಾಶಿವ ಎಂದು ಹೆಸರಾದ ಜಿಲ್ಲೆಯಲ್ಲಿ. ಅಲ್ಲಿಯ ಉಮರ್ಗಾ, ತುಳಜಾಪುರ ತಾಲ್ಲೂಕುಗಳಿಗೂ ನಮಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಆ ಜಿಲ್ಲೆಯ 1,31,746 ಹೆಂಗಸರು ಒಂದು ದೊಡ್ಡ ವೈದ್ಯಕೀಯ ಪ್ರಯೋಗದಲ್ಲಿ ಸೇರಿದ್ದರು, ಅದರ ಫಲವನ್ನು ಇಂದು ಇಡೀ ಜಗತ್ತು ಉಣ್ಣುತ್ತಿದೆ ಎಂದರೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಕಥೆ ಆರಂಭವಾಗುವುದು ನಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ದವಾಖಾನೆ ಇದೆ. 1987ರಲ್ಲಿ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಿಗಾಗಿ ಇಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ದೇಶದ ಹಳ್ಳಿಗಾಡಿನಲ್ಲಿ ಅಂಥದು ಅದೇ ಮೊದಲು. ಪಟ್ಟಣದಲ್ಲಾದರೆ ದವಾಖಾನೆಯ ಕಾಗದ ನೋಡಿ ರೋಗಿಗಳ ಲೆಕ್ಕ ಹಿಡಿಯಬಹುದು. ಹಳ್ಳಿಯಲ್ಲಿ ಎಷ್ಟೋ ಜನ ಡಾಕ್ಟರರ ಮುಖ ನೋಡದೆ ಮಣ್ಣು ಸೇರುತ್ತಾರೆ. ಅದಕ್ಕೇ ಬಾರ್ಶಿಯ ಕಾರ್ಯಕರ್ತರು ಹಳ್ಳಿ ಹಳ್ಳಿ ತಿರುಗಿದರು, ಕಟ್ಟೆಯ ಮೇಲೆ ಕೂತು ಮಾತಾಡಿದರು, ಯಾರಿಗೆ ಏನು ತ್ರಾಸು ಎಂದು ಕೇಳಿದರು. ಹೀಗೆ ಮಾತಾಡಿದ್ದರಿಂದಲೇ ಒಂದು ಲಾಭವಾಯಿತು. ಕೆಲವೇ ವರ್ಷಗಳಲ್ಲಿ ರೋಗ ಬಲಿಯುವ ಮುಂಚೆಯೇ ದವಾಖಾನೆಗೆ ಬರುವ ಹೆಂಗಸರ ಪ್ರಮಾಣ ಹೆಚ್ಚಿತು. ಔಷಧವಿಲ್ಲದೆ, ಯಂತ್ರವಿಲ್ಲದೆ ಆದ ಕೆಲಸವಿದು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗವೂ ಇದೇ.

ಆ ಲೆಕ್ಕದಲ್ಲಿ ಹೆಂಗಸರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಗರ್ಭಕೊರಳಿನ ಕ್ಯಾನ್ಸರ್. ನಮ್ಮ ಭಾಗದಲ್ಲಿ ಗರ್ಭಕೋಶಕ್ಕೆ ಕನ್ನಡದಲ್ಲಿ ಚೀಲ, ಮರಾಠಿಯಲ್ಲಿ ಪಿಶವಿ ಎನ್ನುತ್ತಾರಲ್ಲ, ಆ ಚೀಲದ ಬಾಯಿಗೆ ಬರುವ ರೋಗ. ಇದರ ಮೂಲ ಎಚ್‌ಪಿವಿ ಎಂಬ ವೈರಸ್. ದೇಹಸಂಬಂಧದಿಂದ ಹರಡುವ ಈ ಸೋಂಕು ಬಹಳ ಜನರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಹತ್ತು ಇಪ್ಪತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ಅಷ್ಟು ನಿಧಾನದ ರೋಗವಾದ್ದರಿಂದಲೇ ಮೊದಲೇ ಹಿಡಿದರೆ ಜೀವ ಉಳಿಯುತ್ತದೆ.

ಹಿಡಿಯುವುದು ಹೇಗೆ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು 1999ರಲ್ಲಿ ಬಾರ್ಶಿಯ ದವಾಖಾನೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಮತ್ತು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಕೆಲಸ ಆರಂಭಿಸಿದವು. ಹಣ ಅಮೆರಿಕದ ಗೇಟ್ಸ್ ಪ್ರತಿಷ್ಠಾನದ್ದು. ಹಳ್ಳಿಗಳನ್ನು 52 ಸಮೂಹಗಳಾಗಿ ಮಾಡಿ, ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪಿಗೆ ಹಂಚಲಾಯಿತು. 30ರಿಂದ 59 ವರ್ಷದೊಳಗಿನ ಆರೋಗ್ಯವಂತ ಹೆಂಗಸರು. ಮೊದಲ ಗುಂಪಿಗೆ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಪರೀಕ್ಷೆ, ಅಮೆರಿಕದ ಡೈಜೀನ್ ಕಂಪನಿ ತಯಾರಿಸಿದ್ದು. ಎರಡನೆಯದಕ್ಕೆ ಗಾಜಿನ ಮೇಲೆ ಜೀವಕೋಶ ಸವರಿ ನೋಡುವ ಹಳೆಯ ಪರೀಕ್ಷೆ. ಮೂರನೆಯದಕ್ಕೆ ವಿನೆಗರಿನಲ್ಲಿರುವ ಆಮ್ಲವನ್ನೇ ಹಚ್ಚಿ ಬಿಳಿ ಮಚ್ಚೆ ಏಳುವುದೇ ಎಂದು ಕಣ್ಣಿನಿಂದ ನೋಡುವುದು. ಯಾವುದಾದರೂ ಒಂದೇ ಸಲ. ನಾಲ್ಕನೆಯ ಗುಂಪಿನ 31,488 ಹೆಂಗಸರಿಗೆ ಪರೀಕ್ಷೆ ಇಲ್ಲ. ಊರಲ್ಲಿ ಎಂದಿನಂತೆ ಏನು ಸಿಗುತ್ತದೋ ಅದು.

ಸುಮಾರು ಎಂಟು ವರ್ಷದ ಮೇಲೆ, 2009ರ ಏಪ್ರಿಲಿನಲ್ಲಿ, ಫಲಿತಾಂಶ ಅಮೆರಿಕದ ಹೆಸರಾಂತ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆಯೇ ಇಲ್ಲದ ಗುಂಪಿನಲ್ಲಿ 64. ಬೇರೆ ಎರಡು ವಿಧಾನಗಳಲ್ಲಿ ಸಾವು ಖಚಿತವಾಗಿ ಇಳಿಯಿತು ಎಂದು ಹೇಳುವಷ್ಟು ಅಂತರ ಸಿಗಲಿಲ್ಲ. ಒಂದೇ ಸಲದ ಪರೀಕ್ಷೆಯಿಂದ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು ಜಗತ್ತು ನಮ್ಮ ನೆರೆಯವರಿಂದ ಕಲಿಯಿತು.

ಆದರೆ ಆ 64 ಎಂಬ ಅಂಕಿಯ ಮುಂದೆ ನೀವೂ ಸ್ವಲ್ಪ ನಿಲ್ಲಬೇಕು. ಹೋಲಿಸಿ ನೋಡಲು ಒಂದು ಗುಂಪು ಬೇಕು, ಇಲ್ಲದಿದ್ದರೆ ಲೆಕ್ಕವೇ ಇಲ್ಲ ಎಂಬುದು ವಿಜ್ಞಾನದ ಮಾತು. ಭಾರತದಲ್ಲಿ ತಪಾಸಣೆಯ ವ್ಯವಸ್ಥೆಯೇ ಇರಲಿಲ್ಲ, ನಾವು ಯಾರಿಂದಲೂ ಏನನ್ನೂ ಕಸಿದುಕೊಳ್ಳಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ಅಮೆರಿಕದ ಎರಿಕ್ ಸೂಬಾ ಎಂಬ ವೈದ್ಯರು ಇದನ್ನು ಒಪ್ಪಲಿಲ್ಲ. ತಪಾಸಣೆಯಿಂದ ಜೀವ ಉಳಿಯುತ್ತದೆ ಎಂದು ಬೇರೆ ದೇಶಗಳಲ್ಲಿ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಸಾವಿರಾರು ಹೆಂಗಸರನ್ನು ಹಾಗೇ ಬಿಟ್ಟದ್ದು ತಪ್ಪು ಎಂದು 2014ರಲ್ಲಿ ಭಾರತದ ವೈದ್ಯ ನೀತಿ ಪತ್ರಿಕೆಯಲ್ಲೇ ಬರೆದರು. ನನಗೆ ಸಂಶೋಧಕರ ಮಾತಿನಲ್ಲಿ ಸುಳ್ಳು ಕಾಣುವುದಿಲ್ಲ. ಆದರೂ "ಇಲ್ಲಿ ಏನೂ ಇರಲಿಲ್ಲ" ಎಂಬುದು ನಮ್ಮ ಬಡತನದ ವರ್ಣನೆಯೇ ಹೊರತು ಅದಕ್ಕೆ ಸಮಾಧಾನವಲ್ಲ.

ಅದೇ 2009ರಲ್ಲಿ ಬಾರ್ಶಿಗೆ ಎರಡನೆಯ ಪ್ರಯೋಗ ಬಂತು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿಯ ಗಾರ್ಡಾಸಿಲ್ ಎಂಬ ಎಚ್‌ಪಿವಿ ಲಸಿಕೆ ಮಾರುಕಟ್ಟೆಗೆ ಬಂದಿತ್ತು. ಮೂರು ಚುಚ್ಚುಮದ್ದು, ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ಅಕ್ಕಲಕೋಟೆಯ ಕೂಲಿಯವಳು ಮಗಳಿಗೆ ಹಾಕಿಸುವ ಮಾತೇ ಇಲ್ಲ. ಎರಡೇ ಸಾಕಾಗಬಹುದೇ ಎಂದು ನೋಡಲು ಬಾರ್ಶಿ, ಪುಣೆ ಮುಂತಾದ ಕೇಂದ್ರಗಳಲ್ಲಿ 10ರಿಂದ 18 ವರ್ಷದ 20,000 ಹುಡುಗಿಯರಿಗೆ ಲಸಿಕೆ ಹಾಕುವ ಯೋಜನೆಯಾಯಿತು.

ಇದೇ ಹೊತ್ತಿಗೆ ಬೇರೊಂದು ಸಂಸ್ಥೆ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಇಂಥ ಲಸಿಕೆಗಳನ್ನು ಹಾಕುತ್ತಿತ್ತು. ಅಲ್ಲಿ ಏಳು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖಾ ಸಮಿತಿ ಹೇಳಿತು. ಆದರೆ ಒಪ್ಪಿಗೆ ಪತ್ರಗಳ ಹುಳುಕು ಬಯಲಾಯಿತು: ಎಷ್ಟೋ ಕಡೆ ತಂದೆತಾಯಿಯರ ಬದಲು ಹಾಸ್ಟೆಲಿನ ವಾರ್ಡನ್ನರೇ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಟೀಕಿಸಿತು. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ದೂರದ ಸಂಗತಿಯಲ್ಲ. ಪ್ರಯೋಗಕ್ಕೆ ಸೇರುವವರಿಗೆ ತಿಳಿಯುವ ಭಾಷೆಯಲ್ಲೇ ವಿವರ ಕೊಡಬೇಕು, ಒಪ್ಪಿಗೆ ಪತ್ರದ ಪ್ರತಿಯೊಂದನ್ನು ಅವರ ಕೈಗೆ ಕೊಡಬೇಕು ಎಂಬುದು 2019ರ ನಿಯಮ. ಮರಾಠಿ ಓದಲು ಬಾರದ ಅವ್ವನ ಮುಂದೆ ಮರಾಠಿ ಕಾಗದ ಬಂದರೆ ಕನ್ನಡದ್ದು ಕೇಳುವ ಹಕ್ಕು ಅವಳಿಗಿದೆ.

ಆ ಗದ್ದಲದಲ್ಲಿ 2010ರ ಏಪ್ರಿಲಿನಲ್ಲಿ ಸರಕಾರ ಎಲ್ಲ ಕಡೆ ಲಸಿಕೆ ನಿಲ್ಲಿಸಿತು. ಬಾರ್ಶಿಯದೂ ನಿಂತಿತು. ಅಲ್ಲಿಯವರೆಗೆ ಎಲ್ಲ ಕೇಂದ್ರಗಳಲ್ಲಿ ಲಸಿಕೆ ಪಡೆದಿದ್ದ 17,729 ಹುಡುಗಿಯರಲ್ಲಿ 4,950 ಮಂದಿಗೆ ಒಂದೇ ಚುಚ್ಚುಮದ್ದು ಬಿದ್ದಿತ್ತು. ಪ್ರಯೋಗ ಕೆಟ್ಟಿತು ಎಂದು ಕೈಬಿಡದೆ ಸಂಶೋಧಕರು ಆ ಹುಡುಗಿಯರ ಬೆನ್ನು ಹಿಡಿದು ವರ್ಷಗಟ್ಟಲೆ ನೋಡಿದರು. 2021ರಲ್ಲಿ ಬಂದ ಲೆಕ್ಕ ಹೀಗಿದೆ: ಕ್ಯಾನ್ಸರ್ ತರುವ ಮುಖ್ಯ ಎರಡು ವೈರಸ್‌ಗಳು ದೇಹದಲ್ಲಿ ಬೇರೂರದಂತೆ ತಡೆಯುವ ಶಕ್ತಿ ಮೂರು ಚುಚ್ಚುಮದ್ದಿನಿಂದ ಶೇ. 93.3, ಒಂದರಿಂದ ಶೇ. 95.4. ಅಂದರೆ ಒಂದೂ ಮೂರೂ ಸಮ. ಇಂಥ ಸಾಕ್ಷ್ಯಗಳ ಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಚುಚ್ಚುಮದ್ದು ಸಾಕೆಂಬ ಕ್ರಮಕ್ಕೂ ಒಪ್ಪಿತು. ಬಡ ದೇಶಗಳ ಖರ್ಚು ಇಳಿಯಲು ದಾರಿಯಾಯಿತು. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೂ ಅನುಮತಿ ಸಿಕ್ಕಿತು.

ಇನ್ನು ದೊಡ್ಡವರ ತಪಾಸಣೆಯ ಮಾತು. 2016ರಲ್ಲಿ ಕೇಂದ್ರ ಸರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ಮಾರ್ಗಸೂಚಿ ಮಾಡಿತು. ಆರಿಸಿದ್ದು ಎಚ್‌ಪಿವಿ ಪರೀಕ್ಷೆಯನ್ನಲ್ಲ, ಅಗ್ಗದ ಆಮ್ಲದ ವಿಧಾನವನ್ನು. ಅದು ನಿರುಪಯೋಗಿ ಎನ್ನಲಾಗದು. ಮುಂಬಯಿಯ ಕೊಳೆಗೇರಿಗಳ ಪ್ರಯೋಗದಲ್ಲಿ ಅದೇ ವಿಧಾನವನ್ನು ಮತ್ತೆ ಮತ್ತೆ ಮಾಡಿದಾಗ ಸಾವು ಶೇ. 31ರಷ್ಟು ಇಳಿದಿತ್ತು. ಆದರೆ ಮಾಡಿಸಿಕೊಂಡವರು ಎಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 30ರಿಂದ 49 ವರ್ಷದ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಇಬ್ಬರೂ ತುಂಬುವುದಿಲ್ಲ.

2000ದಲ್ಲಿ ನಾಲ್ಕನೆಯ ಗುಂಪಿಗೆ ಸೇರಿದ ಮೂವತ್ತರ ಹೆಣ್ಣುಮಗಳಿಗೆ 2025ಕ್ಕೆ ಐವತ್ತೈದು ತುಂಬಿತು. ಸರಕಾರದ ಆ ಮಾರ್ಗಸೂಚಿಯ ಪ್ರಕಾರ ಅವಳ ಸರದಿ ಇನ್ನೂ ಮುಗಿದಿಲ್ಲ.