ಒಂದು ವಿಮಾನ, ಎರಡು ಆವೃತ್ತಿ

2022ರ ಅಕ್ಟೋಬರ್ 14ರಂದು ಬೆಂಗಳೂರಿಗೆ ಬಂದಿಳಿದ ಏರ್‌ಬಸ್ ಎ380 ನೆನಪಿದೆಯಾ? ಆ ಎರಡಂತಸ್ತಿನ ವಿಮಾನದ ಚರಿತ್ರೆಯನ್ನು ಕಂಪನಿಗೆ ಪಿಎಲ್ಎಂ ತಂತ್ರಾಂಶ ಆರಿಸುವವರು ಓದಲೇಬೇಕು. ಪಿಎಲ್ಎಂ ಅಂದರೆ ಒಂದು ವಸ್ತುವಿನ ಮೊದಲ ನಕ್ಷೆಯಿಂದ ಅದು ಗುಜರಿ ಸೇರುವ ತನಕದ ಮಾಹಿತಿಯನ್ನೆಲ್ಲ ಒಂದೇ ಕಡೆ ಕಾಯುವ ವ್ಯವಸ್ಥೆ.

ಎ380ಯಲ್ಲಿ ತಪ್ಪಿದ್ದೇ ಆ 'ಒಂದೇ ಕಡೆ'. ವಿನ್ಯಾಸಕ್ಕೆ ಫ್ರಾನ್ಸಿನ ಟುಲೂಸ್‌ನವರು ಬಳಸಿದ್ದು ಕ್ಯಾಟಿಯಾದ 5ನೇ ಆವೃತ್ತಿ, ಜರ್ಮನಿಯ ಹ್ಯಾಂಬರ್ಗ್‌ನವರದು ಹಳೆಯ 4ನೆಯದು. ಒಬ್ಬರು ಮಾಡಿದ ಬದಲಾವಣೆ ಇನ್ನೊಬ್ಬರಿಗೆ ಸರಿಯಾಗಿ ದಾಟಲಿಲ್ಲ. ವಿಮಾನವೊಂದಕ್ಕೆ ಸುಮಾರು 530 ಕಿ.ಮೀ. ತಂತಿ, ಜೋಡಿಸಹೊರಟರೆ ತಂತಿಯೇ ಗಿಡ್ಡ! ನಮ್ಮ ಎಚ್.ಡಿ.ಕೋಟೆ ಕಡೆ ನಾಲೆಯೊಂದನ್ನು ಎರಡು ತಂಡ ಎರಡು ಅಳತೆಗೋಲು ಹಿಡಿದು ಎರಡೂ ತುದಿಯಿಂದ ತೋಡಿದರೆ ಹೇಗೋ, ಹಾಗೆ.

2006ರ ಅಕ್ಟೋಬರ್ ಹೊತ್ತಿಗೆ ವಿಳಂಬ ಎರಡು ವರ್ಷ ತಲುಪಿತ್ತು. 2010ರವರೆಗೆ 480 ಕೋಟಿ ಯೂರೋ ಲಾಭ ಕೈತಪ್ಪುವ ಅಂದಾಜು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ಹಾಗಂತ ಕ್ಯಾಟಿಯಾ ಕೆಟ್ಟದ್ದಲ್ಲ. 1994ರಲ್ಲಿ ಹಾರಿದ ಬೋಯಿಂಗ್ 777 ಪೂರ್ತಿ ಅದರಲ್ಲೇ ರೂಪುಗೊಂಡಿತ್ತು.

ಆದ್ದರಿಂದ ಮಾರುವವರ ಡೆಮೋ ನೋಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಲ್ಲ ವಿಭಾಗದವರೂ ಒಂದೇ ಆವೃತ್ತಿಗೆ ಬರುತ್ತಾರಾ? ನಕ್ಷೆ ಬದಲಾದರೆ ಕೊನೆಯ ಮಾತು ಯಾರದು? ಇವು ಇತ್ಯರ್ಥವಾಗದೆ ಎಷ್ಟು ದುಬಾರಿ ತಂತ್ರಾಂಶ ತಂದರೂ ತಂತಿ ಗಿಡ್ಡವೇ. ಏನಂತೀರಿ?