ಉಪ್ಪಿನ ಸುಂಕವೂ ಬಡವರ ಮನೆಯ ಲೆಕ್ಕವೂ

ಉಪ್ಪಿಗಿಂತ ರುಚಿಯಿಲ್ಲವೆಂದು ನಮ್ಮ ಹಿರಿಯರು ಹೇಳುವರು. ಮನೆಯ ಆದಾಯವು ಹತ್ತು ಪಾಲು ಹೆಚ್ಚಿದರೆ ಉಡುಗೆ, ಒಡವೆ, ವಾಹನಗಳು ಹೆಚ್ಚುವುವೇ ಹೊರತು ಉಪ್ಪು ಹತ್ತು ಪಾಲು ಹೆಚ್ಚದು. ಆದುದರಿಂದ ಉಪ್ಪಿನ ಸುಂಕವು ನೋಟಕ್ಕೆ ಎಲ್ಲರಿಗೂ ಸಮವಾಗಿದ್ದರೂ ಅದರ ಭಾರವು ಬಡವರ ಮೇಲೆಯೇ ಅಧಿಕ. ಈ ತತ್ತ್ವವನ್ನು ಅರಸರು ಅರಿತ ಕಾಲವೂ ಉಂಟು, ಮರೆತ ಕಾಲವೂ ಉಂಟು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ಲವಣಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಹೊರನಾಡಿನಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಭಾಗವು ರಾಜನಿಗೆ ಸಲ್ಲತಕ್ಕದ್ದು. ಆದರೆ ಶ್ರೋತ್ರಿಯರೂ ತಪಸ್ವಿಗಳೂ ಬಿಟ್ಟಿಯಾಳುಗಳೂ ತಮ್ಮ ಊಟಕ್ಕೆ ಬೇಕಾದ ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದು. ಬೊಕ್ಕಸದ ವಿಷಯದಲ್ಲಿ ಅತಿ ಕಠಿಣನಾದ ಕೌಟಿಲ್ಯನೂ ಬರಿಗೈಯವರ ಊಟದ ಉಪ್ಪಿಗೆ ಕೈಹಾಕಲಿಲ್ಲ.

ಆಂಗ್ಲ ಸರಕಾರವು ಇಷ್ಟು ಕರುಣೆಯನ್ನು ತೋರಲಿಲ್ಲ. ಭಾರತೀಯನೊಬ್ಬನ ಸರಾಸರಿ ವಾರ್ಷಿಕ ಆದಾಯವು 20 ರೂಪಾಯಿಯೆಂದು ದಾದಾಭಾಯಿ ನೌರೋಜಿಯವರು 1876ರಲ್ಲಿ ತೋರಿಸಿಕೊಟ್ಟಿದ್ದರು. 1888ರಲ್ಲಿ ಉಪ್ಪಿನ ಸುಂಕವು 82 ಪೌಂಡು ತೂಕದ ಮಣಕ್ಕೆ ಎರಡೂವರೆ ರೂಪಾಯಿಗೆ ಏರಿತು. ಅಂದರೆ ಪೌಂಡಿಗೆ ಸುಮಾರು ಅರ್ಧ ಆಣೆ. ತಲೆಗೆ ವರ್ಷಕ್ಕೆ 10 ಪೌಂಡು ಉಪ್ಪೆಂದು ಹಿಡಿದರೆ ಐವರ ಮನೆಗೆ ಸುಂಕವೇ 1 ರೂಪಾಯಿ 9 ಆಣೆ. ನೌರೋಜಿಯವರ ಲೆಕ್ಕದಂತೆ 100 ರೂಪಾಯಿ ಬರುವ ಮನೆಗೆ ಇದು ಆದಾಯದ ಅರುವತ್ತನಾಲ್ಕನೆಯ ಒಂದು ಪಾಲು. 5000 ರೂಪಾಯಿ ಬರುವ ಮನೆಗಾದರೋ ಮೂರು ಸಾವಿರದ ಇನ್ನೂರನೆಯ ಒಂದು ಪಾಲು!

ಆದಾಯವು ಕುಗ್ಗಿದಷ್ಟೂ ಅದರಲ್ಲಿ ಆಹಾರಕ್ಕೆ ಸಲ್ಲುವ ಪಾಲು ಹಿಗ್ಗುವುದೆಂದು ಜರ್ಮನಿಯ ಸಾಕ್ಸನಿಯಲ್ಲಿ ಅರ್ನ್ಸ್ಟ್ ಎಂಗೆಲ್ ಎಂಬ ಪಂಡಿತನು 1857ರಲ್ಲಿಯೇ ನಿರೂಪಿಸಿದ್ದನು. ಅಂತಹ ಮನೆಯಲ್ಲಿ ಸುಂಕವು ಏರಿದರೆ ಕಡಿತವಾಗುವುದು ಆಹಾರವೇ. ಗೋಪಾಲಕೃಷ್ಣ ಗೋಖಲೆಯವರು 1902ರಲ್ಲಿ ಶಾಸನಸಭೆಯಲ್ಲಿ ಸುಂಕವನ್ನಿಳಿಸಬೇಕೆಂದು ವಾದಿಸಿದರು. 1903, 1905, 1907 ಈ ಮೂರು ವರ್ಷಗಳಲ್ಲಿ ಸುಂಕವು ಇಳಿದಿಳಿದು 1 ರೂಪಾಯಿಗೆ ನಿಂತಿತು. ಉಪ್ಪಿನ ಮಾರಾಟವು ಏರಿತು. ಅದುವರೆಗೆ ಬಡವರು ಉಪ್ಪನ್ನೂ ಚಿಟಿಕೆಯಲ್ಲಿ ಅಳೆಯುತ್ತಿದ್ದರೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ?

ಪಾಠವು ಬೇಗನೆ ಮರೆತುಹೋಯಿತು. 1923ರಲ್ಲಿ ಆಯವ್ಯಯದ ಕೊರತೆಯನ್ನು ತುಂಬಲು ಸುಂಕವನ್ನು ಇಮ್ಮಡಿಸಲಾಯಿತು. ಶಾಸನಸಭೆಯು ಒಪ್ಪದಿದ್ದರೂ ವೈಸರಾಯ್ ಲಾರ್ಡ್ ರೀಡಿಂಗರು ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು, ಮರುವರ್ಷವೇ ಇಳಿಸಬೇಕಾಯಿತು. 1930ರ ಏಪ್ರಿಲ್ 6ರಂದು ಮಹಾತ್ಮರು ದಾಂಡಿಯಲ್ಲಿ ಹಿಡಿ ಉಪ್ಪನ್ನೆತ್ತಿದಾಗ ನಮ್ಮ ಅಂಕೋಲೆಯ ಜನರೂ ಎದ್ದುನಿಂತರು. ಪ್ರತಿಮನೆಯ ಗಡಿಗೆಯಲ್ಲಿಯೂ ಸುಂಕವಿದ್ದುದರಿಂದಲೇ ಆ ಕರೆಯು ಪ್ರತಿಮನೆಗೂ ಮುಟ್ಟಿತು. 1947ರಲ್ಲಿ ಆ ಸುಂಕವು ರದ್ದಾಯಿತು.

ಈಗ ಉಪ್ಪಿಗೆ ಸರಕು ಮತ್ತು ಸೇವಾ ತೆರಿಗೆಯಿಲ್ಲ. ಆದರೂ 2023-24ರ ಸರಕಾರೀ ಸಮೀಕ್ಷೆಯಂತೆ ಹಳ್ಳಿಯ ಮನೆಯ ವೆಚ್ಚದಲ್ಲಿ ಶೇಕಡ 47ರಷ್ಟು ಆಹಾರಕ್ಕೇ ಸಲ್ಲುತ್ತದೆ. ಪಟ್ಟಣಗಳಲ್ಲಿ ಸುಮಾರು 40. ತೆರಿಗೆಯನ್ನು ಗೊತ್ತುಮಾಡುವವರು ಬೊಕ್ಕಸದ ಲೆಕ್ಕಕ್ಕೆ ಮುನ್ನ ಈ ಮನೆಗಳ ಲೆಕ್ಕವನ್ನು ನೋಡತಕ್ಕದ್ದು.